ನಾಲ್ಕು ಸೋಲು, ಆಮೇಲೆ ಶುಗರ್ ಬೌಲ್: ಯುದ್ಧಕಾಲದ ಡ್ಯೂಕ್ ತಂಡ

ನಾವಿರುವ, ಅಮೆರಿಕದ ನಾರ್ತ್ ಕ್ಯಾರೋಲಿನಾದ ಡರ್ಹಮ್‌ನಲ್ಲಿ ಡ್ಯೂಕ್ ಯೂನಿವರ್ಸಿಟಿ ಅಂದರೆ ಮೊದಲು ಬಾಸ್ಕೆಟ್‌ಬಾಲ್, ಆಮೇಲೆ ಫುಟ್‌ಬಾಲ್. ಇಲ್ಲಿನ ಫುಟ್‌ಬಾಲ್ ಗೊತ್ತಲ್ವಾ, ಹೆಲ್ಮೆಟ್ ಹಾಕಿಕೊಂಡು ಉದ್ದನೆಯ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಆದರೆ ನನಗೆ ಈ ಊರಿನ ಆಟದ ಕಥೆಗಳಲ್ಲಿ ಜಾಸ್ತಿ ಇಷ್ಟವಾದದ್ದು 1944ರ ಫುಟ್‌ಬಾಲ್ ತಂಡದ್ದು. ಸೋತು ಸುಣ್ಣವಾಗಿದ್ದ ತಂಡ ಅದು.

ಸ್ವಲ್ಪ ಹಿಂದಿನಿಂದ ಹೇಳಬೇಕು. 1941ರ ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು. ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದಲ್ಲಿ ರೋಸ್ ಬೌಲ್ ಪಂದ್ಯ ನಡೆಯಬೇಕಿತ್ತು. ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳನ್ನು ಕರೆದು ಆಡಿಸುವ ದೊಡ್ಡ ಪಂದ್ಯ. ಪಶ್ಚಿಮ ಕರಾವಳಿಯಲ್ಲಿ ಅಷ್ಟು ಜನ ಒಂದೆಡೆ ಸೇರುವುದು ಬೇಡ ಅಂತ ಸೇನೆ ಹೇಳಿತು. ಆ ವರ್ಷ ಸೋಲೇ ಕಾಣದ ಡ್ಯೂಕ್, ನಮ್ಮೂರಿಗೇ ಬನ್ನಿ ಅಂತ ಕರೆಯಿತು. ಅಕ್ಕಪಕ್ಕದ ಕಾಲೇಜುಗಳಿಂದ ಬೆಂಚು ತಂದು ಹಾಕಿ, ಸುಮಾರು 56,000 ಜನರ ಮುಂದೆ, ಮಳೆಯಲ್ಲಿ ಆಡಿ, ಆರಿಗನ್ ಸ್ಟೇಟ್ ಎದುರು 20-16ಕ್ಕೆ ಸೋತಿತು! ಆರಿಗನ್ ತಂಡದ ಜ್ಯಾಕ್ ಯೋಶಿಹಾರಾ ಮಾತ್ರ ಬರಲಿಲ್ಲ. ಜಪಾನಿ ಮೂಲದವನು ಅಂತ ಪ್ರಯಾಣಕ್ಕೇ ಬಿಡಲಿಲ್ಲ. ಆಮೇಲೆ ಅವನನ್ನು, ಜಪಾನಿ ಮೂಲದವರನ್ನು ಕೂಡಿಹಾಕುತ್ತಿದ್ದ ಐಡಾಹೋದ ಮಿನಿಡೋಕಾ ಶಿಬಿರಕ್ಕೆ ಕಳಿಸಿದರು. ವಲಸೆ ಬಂದವರಾದ ನಮಗೆ ಇದನ್ನು ಓದಿದಾಗ ಸ್ಕೋರಿಗಿಂತ ಇದೇ ಮನಸ್ಸಿನಲ್ಲಿ ಉಳಿಯುತ್ತದೆ.

ಕೋಚ್ ವಾಲೆಸ್ ವೇಡ್ ಆಗ ಐವತ್ತರ ಹತ್ತಿರ ಇದ್ದರು. ಆ ವಯಸ್ಸಿನಲ್ಲಿ ಸೇನೆ ಸೇರಿ ಯುರೋಪಿಗೆ ಹೋದರು. ತಂಡ ಎಡ್ಡಿ ಕ್ಯಾಮರನ್ ಕೈಗೆ ಬಂತು. ಹೌದು, ಇವತ್ತಿನ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಹೆಸರಿರುವುದು ಅವರದ್ದೇ.

ಈಗ ಆಟಗಾರರ ವಿಷಯ. ದೇಶದ ಎಷ್ಟೋ ಕಾಲೇಜುಗಳು ಹುಡುಗರಿಲ್ಲದೆ ಆಟವನ್ನೇ ನಿಲ್ಲಿಸಿದವು. ಆರಿಗನ್ ಸ್ಟೇಟ್‌ಗೇ 1943ರಲ್ಲಿ ತಂಡ ಇರಲಿಲ್ಲ. ಡ್ಯೂಕ್ ಉಳಿದುಕೊಂಡದ್ದು ನೌಕಾಪಡೆಯ ವಿ-12 ಯೋಜನೆಯಿಂದ. ಅಧಿಕಾರಿಗಳನ್ನು ತಯಾರು ಮಾಡಲು 1943ರ ಜುಲೈಯಲ್ಲಿ 131 ಕಾಲೇಜುಗಳಲ್ಲಿ ಶುರುವಾದದ್ದು ಅದು. ಯೂನಿಫಾರ್ಮ್ ಹಾಕಿಕೊಂಡು ಪಾಠ, ಅದರ ಜೊತೆ ವಾರಕ್ಕೆ ಒಂಬತ್ತೂವರೆ ಗಂಟೆ ಕಸರತ್ತು. ಭೂಸೇನೆಯ ಇಂಥದ್ದೇ ಯೋಜನೆಯಲ್ಲಿದ್ದವರಿಗೆ ಕಾಲೇಜು ತಂಡದಲ್ಲಿ ಆಡಲು ಅನುಮತಿ ಇರಲಿಲ್ಲ, ನೌಕಾಪಡೆ ಬಿಟ್ಟಿತು. ಹಾಗಾಗಿ ಯಾವ ಕಾಲೇಜಿಗೆ ಯಾವ ಪಡೆ ಸಿಕ್ಕಿತು ಅನ್ನುವುದರ ಮೇಲೆಯೇ ಎಷ್ಟೋ ತಂಡಗಳ ಹಣೆಬರಹ ನಿಂತಿತ್ತು. ಬೇರೆ ಕಾಲೇಜಿನಲ್ಲಿ ಆಡುತ್ತಿದ್ದವನು ಇಲ್ಲಿಗೆ ಬಂದು ಡ್ಯೂಕ್ ಜೆರ್ಸಿ ಹಾಕಬಹುದಿತ್ತು, ಆದರೆ ಆದೇಶ ಬಂದರೆ ಸೀಸನ್ ಮಧ್ಯದಲ್ಲೇ ಗಂಟುಮೂಟೆ ಕಟ್ಟಬೇಕು. 1943ರಲ್ಲಿ ನೋಟರ್ ಡೇಮ್‌ನ ಏಂಜಲೋ ಬರ್ಟೆಲಿ ಆರು ಪಂದ್ಯ ಆಡಿ ಮರೀನ್ ತರಬೇತಿಗೆ ಹೋದ. ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಆ ವರ್ಷ ಅವನಿಗೇ ಬಂತು!

ನಮ್ಮ ಕಡೆ ಯುದ್ಧದ ಉದ್ದಕ್ಕೂ ರಣಜಿ ನಡೆಯುತ್ತಲೇ ಇತ್ತು, 1941-42ರಲ್ಲಿ ಮೈಸೂರು ಫೈನಲ್ ತನಕ ಹೋಗಿತ್ತು. ಭಾರತದಲ್ಲಿ ಕಡ್ಡಾಯ ಸೇನಾ ಭರ್ತಿ ಇರಲಿಲ್ಲ, ಅದೇ ದೊಡ್ಡ ವ್ಯತ್ಯಾಸ.

ಸರಿ, 1944. ಡ್ಯೂಕ್ ಮೊದಲ ಪಂದ್ಯ ಗೆದ್ದು, ಆಮೇಲೆ ಸಾಲಾಗಿ ನಾಲ್ಕು ಸೋತಿತು. ಪೆನ್ಸಿಲ್ವೇನಿಯಾ ಯೂನಿವರ್ಸಿಟಿ, ನೌಕಾಪಡೆಯ ಪೈಲಟ್ ತರಬೇತಿ ಶಾಲೆ ನಾರ್ತ್ ಕ್ಯಾರೋಲಿನಾ ಪ್ರೀ-ಫ್ಲೈಟ್, ಆಮೇಲೆ ನೇವಿ ಮತ್ತು ಆರ್ಮಿ, ಅಂದರೆ ನೌಕಾಪಡೆ ಮತ್ತು ಭೂಸೇನೆಯ ಅಕಾಡೆಮಿಗಳ ತಂಡಗಳು. ನೇವಿ ಎದುರು 7-0, ಆರ್ಮಿ ಎದುರು 27-7. ಆ ವರ್ಷದ ಆರ್ಮಿ ನೋಟರ್ ಡೇಮ್‌ನಂಥ ತಂಡವನ್ನೇ 59-0ಕ್ಕೆ ಚಚ್ಚಿ ಹಾಕಿತ್ತು, ಆ ಲೆಕ್ಕದಲ್ಲಿ ಡ್ಯೂಕ್ ಪರವಾಗಿಲ್ಲ ಅನ್ನಬೇಕು. ಆಮೇಲೆ ಅಲ್ಲಿವರೆಗೂ ಸೋಲದಿದ್ದ ಪಕ್ಕದ ವೇಕ್ ಫಾರೆಸ್ಟ್‌ಗೆ 34-0 ಹೊಡೆದು, ಉಳಿದ ಪಂದ್ಯಗಳನ್ನೂ ಗೆದ್ದುಕೊಂಡಿತು. ನಾಲ್ಕು ಸೋತ ತಂಡಕ್ಕೆ ಶುಗರ್ ಬೌಲ್ ಕರೆ ಬಂತು. ಮಾಮೂಲಿ ವರ್ಷದಲ್ಲಾದರೆ ಯಾರೂ ಕರೆಯುತ್ತಿರಲಿಲ್ಲ ಬಿಡಿ.

1945ರ ಜನವರಿ 1, ನ್ಯೂ ಆರ್ಲಿಯನ್ಸ್. ಎದುರಿಗೆ ಅಲಬಾಮಾ. ಅವರದ್ದು ಹೆಚ್ಚಾಗಿ ಎಳೆ ಹುಡುಗರು ಮತ್ತು ಸೇನೆಗೆ ತೆಗೆದುಕೊಳ್ಳದೆ ಬಿಟ್ಟವರ ತಂಡ, 'ಯುದ್ಧದ ಕೂಸುಗಳು' ಅಂತಲೇ ಹೆಸರು. ಡ್ಯೂಕ್ ಕಡೆ ಅವರಿಗಿಂತ ಬಲಿತ ನೌಕಾಪಡೆಯ ಹುಡುಗರು. ಕೊನೆಯಲ್ಲಿ ಅಲಬಾಮಾ 26-20 ಮುಂದಿತ್ತು, ಆದರೆ ಚೆಂಡು ಅವರದೇ ಗೋಲಿನ ಬಾಯಲ್ಲಿ. ಅಲ್ಲಿಂದ ಒದೆಯಲು ಹೋಗಿ ತಪ್ಪಿದರೆ ಕಷ್ಟ. ಬೇಕಂತಲೇ ತಮ್ಮ ಗೋಲಿನೊಳಗೇ ಸಿಕ್ಕಿಬಿದ್ದು ಎರಡು ಪಾಯಿಂಟ್ ಬಿಟ್ಟುಕೊಟ್ಟರು, ನಿಯಮದ ಪ್ರಕಾರ ಆಮೇಲೆ ಚೆಂಡನ್ನು ಆರಾಮಾಗಿ ದೂರ ಒದೆಯಬಹುದು. 26-22. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಡ್ಯೂಕ್ ಆ ಚೆಂಡನ್ನು ಹಿಡಿದು ವಾಪಸ್ ತಂದು, ಜಿಮ್ ಲರೂ ಓಡಿ ಗೋಲು ದಾಟಿಬಿಟ್ಟ. 29-26!

ಅಲಬಾಮಾದ ಆ ಕೂಸುಗಳು ಮುಂದಿನ ಸೀಸನ್ ಒಂದೂ ಸೋಲದೆ ರೋಸ್ ಬೌಲ್ ಗೆದ್ದರು. ವೇಡ್ ವಾಪಸ್ ಬಂದು ಮತ್ತೆ ಕೋಚ್ ಆದರು, 1967ರಲ್ಲಿ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಈ ಕಡೆ ಬಂದರೆ ಹೇಳಿ, ಕರೆದುಕೊಂಡು ಹೋಗುತ್ತೇನೆ. ಫುಟ್‌ಬಾಲ್ ಟಿಕೆಟ್ ಸುಲಭವಾಗಿ ಸಿಗುತ್ತದೆ, ಬಾಸ್ಕೆಟ್‌ಬಾಲಿಂದು ಮಾತ್ರ ನನ್ನ ಕೇಳಬೇಡಿ.