ಆ ಒಂದು ಕಾಲಂ

ವಕೀಲನಾಗಲು ಬೇಕಾದ ಸನದಿನ ಅರ್ಜಿಯಲ್ಲಿ ಒಂದೇ ಒಂದು ಕಾಲಂ ಖಾಲಿ ಬಿಟ್ಟಿದ್ದೆ. ಯಾವುದಾದರೂ ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳುವ ಕಾಲಂ.

ಆಗಿತ್ತು. ಡಿಗ್ರಿ ಎರಡನೇ ವರ್ಷದಲ್ಲಿ ಬಸ್ ಪಾಸಿನ ವಿಷಯಕ್ಕೆ ನಾವೊಂದಷ್ಟು ಹುಡುಗರು ರಸ್ತೆಗೆ ಅಡ್ಡ ಕೂತಿದ್ದೆವು. ಪೊಲೀಸರು ಐಪಿಸಿ 143, 341 ಹಾಕಿದರು, ಅಂದರೆ ಅಕ್ರಮ ಕೂಟ ಮತ್ತು ದಾರಿ ತಡೆದದ್ದು. ಕೋರ್ಟಿಗೆ ಅಲೆದು ಅಲೆದು ಸಾಕಾಗಿ, ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಂದೆವು. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಹಾಗೆ ದಂಡ ಕಟ್ಟುವುದೂ ಶಿಕ್ಷೆಯೇ ಅಂತ ತಿಳಿದದ್ದು ಎಲ್‌ಎಲ್‌ಬಿ ಓದುವಾಗ.

“ಸುಮ್ನೆ ಇಲ್ಲ ಅಂತ ಬರಿ, ಯಾರು ಕೆದಕ್ತಾರೆ?” ಅಂದರು ಅಪ್ಪ. ಸಾಲ ಮಾಡಿ ಓದಿಸಿದವರು. ಅವರ ಭಯ ನನಗೆ ಅರ್ಥವಾಗುತ್ತಿತ್ತು.

ಅರ್ಜಿ ಹಿಡಿದು ಸೀನಿಯರ್ ಹತ್ತಿರ ಹೋದೆ. ಅವರು 1961ರ ವಕೀಲರ ಕಾಯ್ದೆ ತೆಗೆದು ಸೆಕ್ಷನ್ 24ಎ ಮೇಲೆ ಬೆರಳಿಟ್ಟರು. ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರಿಗೆ ಸನದು ಇಲ್ಲ. ಅಸ್ಪೃಶ್ಯತೆಯ ಅಪರಾಧಕ್ಕೆ ಶಿಕ್ಷೆಯಾದವರಿಗೂ ಇಲ್ಲ. ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ ಈ ಅಡ್ಡಿ ಹೋಗುತ್ತದೆ. “ಕಳ್ಳತನ, ಮೋಸ ಇಂಥವು ಅಧಃಪತನ. ರಸ್ತೆಯಲ್ಲಿ ಕೂತಿದ್ದು ಅಲ್ಲ” ಅಂದರು. ಜೀವ ಬಂತು.

ಅಷ್ಟಕ್ಕೇ ಬಿಡಲಿಲ್ಲ, ಹಾಳೆ ತಿರುಗಿಸಿ ಸೆಕ್ಷನ್ 26 ಓದಿಸಿದರು. ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿ ನೋಂದಣಿ ಮಾಡಿಸಿಕೊಂಡಿದ್ದರೆ, ಭಾರತೀಯ ವಕೀಲರ ಪರಿಷತ್ತು ಆ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಅಂದರೆ ರಸ್ತೆ ತಡೆದದ್ದಕ್ಕೆ ಹೋಗದ ಸನದು, ‘ಇಲ್ಲ’ ಅನ್ನುವ ಎರಡಕ್ಷರಕ್ಕೆ ಹೋಗಬಹುದಿತ್ತು. ಮೈ ಜುಂ ಅಂತು.

ಅಲ್ಲೇ ಕೂತು ‘ಹೌದು’ ಅಂತ ಬರೆದೆ. ಕೇಸ್ ನಂಬರ್, ಸೆಕ್ಷನ್, ದಂಡ ಎಲ್ಲ ಬರೆದು, ಆರ್ಡರಿನ ಸರ್ಟಿಫೈಡ್ ಕಾಪಿ ಲಗತ್ತಿಸಿದೆ.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು. ಬೆಳಿಗ್ಗೆ ಬೆಂಗಳೂರಿನ ಅಂಬೇಡ್ಕರ್ ವೀಧಿಯ ಹಳೇ ಕೆಜಿಐಡಿ ಕಟ್ಟಡ. ರಾಜ್ಯ ವಕೀಲರ ಪರಿಷತ್ತಿನ ಕೌಂಟರಿನಲ್ಲಿ ಹಾಳೆ ತಿರುಗಿಸುತ್ತಿದ್ದ ಕೈ ಅದೇ ಪುಟದಲ್ಲಿ ನಿಂತಿತು. ಅವರು ಆರ್ಡರನ್ನು ಪೂರ್ತಿ ಓದಿದರು.

“ದಂಡ ಕಟ್ಟಿದ ರಸೀದಿ?”

ಅಪ್ಪನ ಟ್ರಂಕಿನಲ್ಲಿ ನಾಲ್ಕು ಮಡಿಕೆಯಾಗಿ ಬಿದ್ದಿದ್ದ ರಸೀದಿ. ಮಡಿಕೆ ಹರಿದು ಹಿಂದೆ ಟೇಪ್ ಅಂಟಿಸಿದ್ದೆ. ಅದನ್ನು ಬೆಳಕಿಗೆ ಹಿಡಿದು ನೋಡಿ, ಪೆನ್ಸಿಲ್ಲಿನಲ್ಲಿ ಒಂದು ಟಿಕ್ ಹಾಕಿ, ಮುಂದಿನ ಹಾಳೆಗೆ ಹೋದರು.

ಪ್ರಮಾಣ ಮಾಡುವ ದಿನ ಅಪ್ಪನೂ ಬಂದಿದ್ದರು. ಕೊರಳಿನ ಬಿಳಿ ಬ್ಯಾಂಡು ಸೊಟ್ಟಗಿದೆ ಅಂತ ಎರಡು ಸಲ ಸರಿ ಮಾಡಿದರು.

ಸೋಮವಾರ ಆಫೀಸಿನಲ್ಲಿ ಸೀನಿಯರ್ ಒಬ್ಬ ರೈತನ ಅಫಿಡವಿಟ್ ಕೈಗಿಟ್ಟರು. “ಒಂದೊಂದೇ ಸಾಲು ಓದಿ ಹೇಳು. ಅವರು ಹೌದು ಅಂದ ಮೇಲೇ ಹೆಬ್ಬೆಟ್ಟು ಒತ್ತಿಸು.”