ಜಂಬಿಟ್ಟಿಗೆ ಗೋಡೆಯ ಸಿಮೆಂಟ್ ಕಿತ್ತೆವು

ಊರ ಮನೆಯ ನಡುಮನೆಯಲ್ಲಿ ಉತ್ತರಕ್ಕೆ ಒಂದು ಗೋಡೆ ಇದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಆ ಗೋಡೆಗೆ ಪೇಂಟ್ ಹೊಡೆಸುತ್ತಲೇ ಇದ್ದೆವು. ದೀಪಾವಳಿಗೆ ಹೊಡೆಸಿದರೆ ಮುಂದಿನ ಆಷಾಢಕ್ಕೆ ನೆಲದಿಂದ ಮೂರಡಿ ಎತ್ತರದವರೆಗೂ ಗುಳ್ಳೆ ಏಳುತ್ತಿತ್ತು. ಗುಳ್ಳೆ ಒಡೆದು ಬಿಳಿ ಪುಡಿ ಉದುರುತ್ತಿತ್ತು. ಅಮ್ಮ ದಿನಕ್ಕೆ ಎರಡು ಸಲ ಗುಡಿಸಬೇಕು. ನೀರು ತಡೆಯುವ ಪೇಂಟ್ ಅಂತ ದುಬಾರಿ ಡಬ್ಬ ತಂದು ಹಚ್ಚಿದ ವರ್ಷ ಮೂರಡಿ ಇದ್ದ ತೇವ ನಾಲ್ಕಡಿಗೆ ಏರಿತು.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ, ಮುತ್ತಜ್ಜ ಕಟ್ಟಿಸಿದ್ದು. ಜಂಬಿಟ್ಟಿಗೆ ಕಲ್ಲು, ಕಲ್ಲಿನ ನಡುವೆ ಕೆಸರು ಮಣ್ಣು, ಮೇಲೆ ಸುಣ್ಣದ ಗಾರೆ. ಗೋಡೆ ಒಂದೂವರೆ ಅಡಿ ದಪ್ಪ. 1999ರಲ್ಲಿ ಅಪ್ಪ ಗಾರೆ ಕೆತ್ತಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಆಗ ಊರಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅಡಿಕೆಗೆ ಒಳ್ಳೆ ರೇಟು ಇದ್ದ ಕಾಲ, ಮನೆ ಗಟ್ಟಿಯಾಗಲಿ ಅಂತಲೇ ಅಪ್ಪ ಮಾಡಿಸಿದ್ದು. ಅವರ ಪ್ರೀತಿಯಲ್ಲಿ ತಪ್ಪಿರಲಿಲ್ಲ, ಆ ಕಲ್ಲಿಗೆ ಸಿಮೆಂಟ್ ಒಗ್ಗಲಿಲ್ಲ ಅಷ್ಟೇ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಒಬ್ಬ ಹಳೇ ಮೇಸ್ತ್ರಿ. ಎಪ್ಪತ್ತು ದಾಟಿದೆ, ಈಗ ಕೆಲಸಕ್ಕೆ ಹೋಗುವುದಿಲ್ಲ. ಸುಮ್ನೆ ಬಂದು ನೋಡಿ ಹೋಗಿ ಅಂತ ಕರೆದಿದ್ದೆ. ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಂದರು: "ಮಳೇಲಿ ಗದ್ದೆಗೆ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕ್ಕೊಂಡು ಹೋದ್ರೆ ಬೆವರು ಆರುತ್ತೆ. ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡ್ರೆ ಮಳೆಗಿಂತ ಬೆವರಲ್ಲೇ ಜಾಸ್ತಿ ನೆನೀತೀವಿ. ನೀವು ಗೋಡೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಸಿದೀರಿ."

ವಿಷಯ ಇಷ್ಟೇ. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೆಲದ ತೇವವನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಮೇಲಕ್ಕೆ ಹೀರುತ್ತದೆ. ಮೇಲೆ ಸುಣ್ಣದ ಗಾರೆ ಇದ್ದರೆ ಆ ತೇವ ಗಾರೆಯ ಮೂಲಕವೇ ಆರಿ ಹೋಗುತ್ತದೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಸಿಮೆಂಟ್ ಬಂದರೆ ಆ ದಾರಿ ಮುಚ್ಚಿತು. ಮೇಲಾಗಿ ಸಿಮೆಂಟ್ ಕಲ್ಲಿಗಿಂತ ಬಿರುಸು, ಗೋಡೆ ಚೂರು ಅಲುಗಿದರೂ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೂ ನಾಲ್ಕು ತಿಂಗಳು ಬಟ್ಟೆ ಒಣಗದ ಊರು.

(ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್ ಸುತ್ತಿದ, ಆ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಲ್ಯಾಟಿನ್‌ನಲ್ಲಿ ಲಾಟೆರ್ ಅಂದರೆ ಇಟ್ಟಿಗೆ. ನಮ್ಮ ಹೆಸರಲ್ಲೂ ಇಟ್ಟಿಗೆ ಇದೆ ಅಲ್ವಾ? ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ನೋಡಿದವರಿಗೆಲ್ಲ ಇಟ್ಟಿಗೆಯೇ ನೆನಪಾಗಿರಬೇಕು.)

ಅಡಿಕೆ ಕೊಯ್ಲು ಮುಗಿಯುವ ತನಕ ನಮ್ಮಲ್ಲಿ ಆಳು ಸಿಗುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ನಾನೇ ಉಳಿ ಸುತ್ತಿಗೆ ಹಿಡಿದೆ. ಮೊದಲು ಗೋಡೆ ತಟ್ಟಿ ನೋಡಬೇಕು, ಸಿಮೆಂಟ್ ಕಲ್ಲನ್ನು ಬಿಟ್ಟಲ್ಲೆಲ್ಲ ಪೊಳ್ಳು ಸದ್ದು ಬರುತ್ತದೆ. ಅಲ್ಲಿ ಉಳಿಯನ್ನು ನೇರ ಹೊಡೆಯದೆ ಓರೆಯಾಗಿ ಹಿಡಿದು ಎಬ್ಬಿಸಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಊಟದ ತಟ್ಟೆಯಷ್ಟು ಅಗಲದ ಒಂದು ತುಂಡು ಕೈಗೆ ಬಂತು. ಹಿಂದೆ ನೋಡಿದರೆ, ಫೆಬ್ರವರಿ ಬಿಸಿಲಲ್ಲೂ ಕಲ್ಲು ಒದ್ದೆ. ಕಲ್ಲಿನ ಮೇಲೆ ಹತ್ತಿಯ ಹಾಗೆ ಬಿಳಿ ಉಪ್ಪು. ಉಗುರಲ್ಲಿ ಕೆರೆದರೆ ಕೆಂಪು ಹಿಟ್ಟಿನ ಹಾಗೆ ಉದುರುತ್ತಿತ್ತು ಕಲ್ಲು. ಅದರ ಎರಡಡಿ ಮೇಲೆ, ಸಿಮೆಂಟ್ ತಾನೇ ಬಿರಿದು ಗಾಳಿ ಆಡುತ್ತಿದ್ದ ಜಾಗದಲ್ಲಿ, ಅದೇ ಗೋಡೆಯ ಕಲ್ಲು ಕಬ್ಬಿಣದ ಹಾಗಿತ್ತು. ಎರಡನ್ನೂ ಒಟ್ಟಿಗೆ ನೋಡಿದಾಗ ನಿಜವಾಗಿಯೂ ಹೊಟ್ಟೆ ಉರಿಯಿತು. ಇನ್ನೊಂದು ಹತ್ತು ವರ್ಷ ಬಿಟ್ಟಿದ್ದರೆ ಗೋಡೆಯೇ ಇರುತ್ತಿರಲಿಲ್ಲ.

ನೆಲದಿಂದ ಐದಡಿ ಎತ್ತರದವರೆಗೆ ಪೂರ್ತಿ ಕಿತ್ತೆವು. ಉಪ್ಪನ್ನು ಒಣ ಬ್ರಷ್‌ನಲ್ಲೇ ಉಜ್ಜಿ ತೆಗೆಯಬೇಕು, ನೀರು ಹಾಕಿ ತೊಳೆದರೆ ಕರಗಿ ಮತ್ತೆ ಕಲ್ಲಿನೊಳಗೇ ಹೋಗುತ್ತದೆ. ತೀರಾ ಹಾಳಾಗಿದ್ದ ಐದು ಕಲ್ಲು ಒಂದೊಂದಾಗಿ ಬದಲಿಸಿದೆವು. ಒಂದು ಕೂತು ಗಟ್ಟಿಯಾದ ಮೇಲೆಯೇ ಇನ್ನೊಂದಕ್ಕೆ ಕೈ. ಮತ್ತೆ ಒಂದೂವರೆ ತಿಂಗಳು ಗೋಡೆಯನ್ನು ಹಾಗೇ ಬರಿಮೈಯಲ್ಲಿ ಬಿಟ್ಟೆವು. ನೆಂಟರು ಬಂದವರೆಲ್ಲ ಕೇಳಿದರು, ಕೆಲಸ ನಿಂತು ಹೋಯ್ತಾ ಅಂತ. ನಿಂತಿರಲಿಲ್ಲ, ಗೋಡೆ ಒಣಗುತ್ತಿತ್ತು.

ಆ ದಿನಗಳಲ್ಲಿ ಹೊರಗಡೆ ನೋಡಿದೆವು. ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕಿತ್ತು. ಅಡಿಕೆ ಒಣಗಿಸಲು ಅಂಗಳಕ್ಕೆ ಕಾಂಕ್ರೀಟ್ ಹಾಕಿದಾಗ ಅಂಗಳ ಆರು ಇಂಚು ಎತ್ತರವಾಗಿ ಇಳಿಜಾರು ಗೋಡೆ ಕಡೆಗೇ ಆಗಿತ್ತು. ಸೂರಿನ ನೀರು ಬಿದ್ದು ಹರಿದು ಗೋಡೆ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಅದೂ ನಿಂತಿತ್ತು. ಗೋಡೆ ಪಕ್ಕ ಎರಡಡಿ ಅಗಲ ಕಾಂಕ್ರೀಟ್ ಒಡೆದು ಚರಂಡಿ ಮಾಡಿ ನೀರನ್ನು ತೋಟದ ಕಡೆ ತಿರುಗಿಸಿದೆವು. ಹಳೇ ಮನೆ ರಿಪೇರಿಗೆ ಇಳಿಯುವವರು ದಯವಿಟ್ಟು ಮೊದಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬನ್ನಿ. ನೀರು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗದೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಇನ್ನು ಸುಣ್ಣ. ಘಟ್ಟದ ಕೆಳಗಿನಿಂದ ಸುಟ್ಟ ಚಿಪ್ಪಿನ ಸುಣ್ಣ ತರಿಸಿದೆವು. ಡ್ರಮ್ಮಿನಲ್ಲಿ ನೀರು ಹಿಡಿದು ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸಬೇಕು. ಬೆಂಕಿಯೇ ಇಲ್ಲದೆ ನೀರು ಕೊತಕೊತ ಕುದಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಲೇಬೇಡಿ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಅರಳಿದ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟು ಎರಡು ತಿಂಗಳ ಮೇಲೆ ತೆಗೆದರೆ ಬೆಣ್ಣೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಮೇಸ್ತ್ರಿ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನೂ ಸೇರಿಸಿದರು. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರಂತೆ, ನಾವು ಒನಕೆಯಲ್ಲಿ ಕುಟ್ಟಿದೆವು. ಕುಟ್ಟಿದಷ್ಟೂ ಗಾರೆಗೆ ಜಿಗುಟು ಬರುತ್ತದೆ, ನೀರು ಜಾಸ್ತಿ ಹಾಕುವ ಹಾಗೇ ಇಲ್ಲ. ಕರಣೆ ತಿರುವಿ ಹಿಡಿದರೂ ಬೀಳಬಾರದು, ಅದೇ ಹದ.

ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಒಂದು ಪದರ, ಅದು ಬಿಗಿಯಾದ ಮೇಲೆ ಇನ್ನೊಂದು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು, ಅದಕ್ಕೆ ನಿಧಾನ. ಬೇಗ ಒಣಗಿದರೆ ಪುಡಿಯಾಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಒದ್ದೆ ಗೋಣಿಚೀಲ ಇಳಿಬಿಟ್ಟು ಎರಡು ವಾರ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದೆವು. ಅಮ್ಮ ಬೆಳಗ್ಗೆ ಅಂಗಳಕ್ಕೆ ನೀರು ಹಾಕುವ ಮುಂಚೆ ಗೋಡೆಗೆ ಹಾಕುತ್ತಿದ್ದರು. ಮೇಲೆ ಪೇಂಟ್ ಇಲ್ಲ. ನೀರು ಮಜ್ಜಿಗೆಯಷ್ಟು ತೆಳು ಸುಣ್ಣ, ಮೂರು ಸಲ ಬಳಿದಿದ್ದು ಅಷ್ಟೇ.

ಮೃಗಶಿರಾ ಮಳೆ ಹಿಡಿಯಿತು, ಆರಿದ್ರಾ ಬಂತು. ಗೋಡೆ ಬುಡದಲ್ಲಿ ಒಂದಡಿ ಬಣ್ಣ ಚೂರು ಕಪ್ಪಾಯಿತು, ತೇವ ಬಂದಿದೆ ಅಂತ ಗೊತ್ತಾಗುವಷ್ಟು. ಗುಳ್ಳೆ ಏಳಲಿಲ್ಲ, ಪುಡಿ ಉದುರಲಿಲ್ಲ. ದಸರಾ ಹೊತ್ತಿಗೆ ಮತ್ತೆ ಬೆಳ್ಳಗಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಗಾರೆ ಬಿಟ್ಟಿದೆ, ಅಲ್ಲಿ ನಾನು ಕಲ್ಲಿಗೆ ಸರಿಯಾಗಿ ನೀರು ಕುಡಿಸದೆ ಗಾರೆ ಹಚ್ಚಿದ್ದೆ. ಅದನ್ನು ಕಿತ್ತು ಮತ್ತೆ ಹಚ್ಚಬೇಕು.

ಈಗ ಅಡುಗೆಮನೆಯ ಹಿಂದಿನ ಗೋಡೆಯ ಸರದಿ. ಎರಡು ಡ್ರಮ್ ಸುಣ್ಣ ಅರಳಿಸಿ ಅಟ್ಟದ ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಕೊಯ್ಲು ಮುಗಿಯಲಿ ಅಂತ ಕಾಯುತ್ತಿದ್ದೇವೆ.