ಗೆರೆನೇ ಅನ್ಸುತ್ತೆ

ಮಂಗಳವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದವಳು ಹಲೋ ಕೂಡ ಅನ್ನಲಿಲ್ಲ. "ಬಳೆ ಹೋಯ್ತು ಕಣೇ" ಅಂದಳು. ಯಾವ ಬಳೆ ಅಂತ ನಾನು ಕೇಳಲಿಲ್ಲ. ಜೇಡ್ ಅನ್ನುವ ಹಸಿರು ಕಲ್ಲಿನ ಬಳೆ ಅವಳ ಕೈಗೇರಿ ಒಂಬತ್ತೇ ದಿನ ಆಗಿತ್ತು.

ಹೋದೆ. ಮೇಜಿನ ಮೇಲೆ ಕರವಸ್ತ್ರ ಹಾಸಿ ಎರಡು ತುಂಡು ಇಟ್ಟಿದ್ದಳು. ಮುಖ ತೊಳೆಯುವಾಗ ಬೇಸಿನ್ ಅಂಚಿಗೆ ತಾಗಿತಂತೆ. ಬಡಿದಿದ್ದಲ್ಲ, ತಾಗಿದ್ದು. ಇದನ್ನು ಮೂರು ಸಲ ಹೇಳಿದಳು. ನಾನು ತುಂಡುಗಳನ್ನು ಎತ್ತಿ ಒಡೆದ ಮುಖ ನೋಡಿದೆ. ಒಂದು ಕಡೆಯ ಒಡಕು ಪೂರ್ತಿ ಬೆಳ್ಳಗಿತ್ತು, ಸಕ್ಕರೆ ಹಾಗೆ ಸಣ್ಣ ಸಣ್ಣ ಹರಳು. ಅದರ ಎದುರು ಕಡೆಯ ಒಡಕು ಅರ್ಧ ಮಾತ್ರ ಬಿಳಿ. ಉಳಿದರ್ಧ ಮಾಸಲು, ತುಕ್ಕಿನ ಬಣ್ಣ. ಆಗಷ್ಟೇ ಒಡೆದ ಕಲ್ಲಿಗೆ ಆ ಬಣ್ಣ ಬರಲ್ಲ. ಅಲ್ಲಿ ಕಲ್ಲು ಯಾವತ್ತೋ ಬಾಯಿ ಬಿಟ್ಟು, ಒಳಗೆ ಕೊಳೆ ಇಳಿದು ಕೂತಿತ್ತು.

ಆ ಜಾಗ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯಲ್ಲಿ ಅಕ್ಕ ಬೆರಳಿಟ್ಟು ತೋರಿಸಿದ್ದೇ ಅದನ್ನು.

"ಇದು ಬಿರುಕಾ?"

"ಕಲ್ಲಲ್ಲಿ ಗೆರೆ ಇರೋದೇ ಮೇಡಂ. ನಿಮ್ಮ ತಂಗಿಗೆ ಇದೆಲ್ಲ ಗೊತ್ತಲ್ಲ, ಅವರನ್ನೇ ಕೇಳಿ."

"ಗೆರೆನೇ ಅನ್ಸುತ್ತೆ."

ಮೂರನೆಯ ಮಾತು ನನ್ನದು. ಎರಡು ದಿನದಿಂದ ಅದೇ ಕಿವಿಯಲ್ಲಿ ಸುತ್ತುತ್ತಿದೆ.

ನನಗೆ ಗೊತ್ತಿದ್ದದ್ದು ನಿಜ. ಅಕ್ಕನಿಗೆ ಜೇಡ್ ಆಸೆ ಹತ್ತಿದ ದಿನದಿಂದ ನಾನು ಓದಲು ಕೂತಿದ್ದೆ. ಹಸಿರು ಕಲ್ಲು ಅಂದ ಕೂಡಲೇ ಪಚ್ಚೆ ಅನ್ನುವ ಭಾವನಿಗೆ, ಪಚ್ಚೆ ಬೇರೆ ಜೇಡ್ ಬೇರೆ ಅಂತ ಪಾಠ ಮಾಡಿದ್ದೆ. ಜೇಡ್ ಅನ್ನುವ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಕಲ್ಲುಗಳಿವೆ, ಜೇಡೈಟ್ ಮತ್ತು ನೆಫ್ರೈಟ್. ಇವು ಬೇರೆ ಬೇರೆ ಅಂತ 1863ರಲ್ಲಿ ತೋರಿಸಿದ್ದು ಫ್ರಾನ್ಸಿನ ಖನಿಜ ತಜ್ಞ ಡಾಮೂರ್. ಇದನ್ನೂ ಹೇಳಿದ್ದೆ. ಭಾವ ಆಕಳಿಸಿದ್ದರು.

ಅಂಗಡಿಯಲ್ಲಿ ಒಂದೂವರೆ ಗಂಟೆ ಕೂತೆವು. ಅದರಲ್ಲಿ ಮುಕ್ಕಾಲು ಪಾಲು ಕೇಳಿದ್ದು ಒಂದೇ ಪ್ರಶ್ನೆ: ಇದು ಅಸಲಿಯಾ? ಆಸಿಡ್‌ನಲ್ಲಿ ನೆನೆಸಿ ಕಲೆ ತೆಗೆದು, ಸಂದಿಗೆಲ್ಲ ರಾಳ ತುಂಬಿದರೆ ಅದನ್ನು ಬಿ ಅನ್ನುತ್ತಾರೆ. ಬಣ್ಣ ಹಾಕಿದರೆ ಸಿ. ಬಣ್ಣವೂ ಇಲ್ಲ, ರಾಳವೂ ಇಲ್ಲ, ಕೊನೆಗೆ ಹೊಳಪಿಗೆ ಮೇಣ ಸವರಿದ್ದಷ್ಟೇ ಅಂದರೆ ಎ. ನಮ್ಮ ಬಳೆಗೆ ಎ ಅಂತ ಪ್ರಯೋಗಾಲಯದ ಸರ್ಟಿಫಿಕೇಟ್ ಇತ್ತು. ಅದನ್ನು ಓದಿ ನನಗೆ ಎಷ್ಟು ನೆಮ್ಮದಿ ಆಯ್ತು ಅಂದರೆ, ಗಟ್ಟಿ ಇದೆಯಾ ಅನ್ನುವ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ ಅನ್ನಿಸಿಬಿಟ್ಟಿತು. ಇರಲಿಲ್ಲ. ಕಲ್ಲಿಗೆ ಯಾರೂ ಏನೂ ಮಾಡಿಲ್ಲ ಅಂತ ಮಾತ್ರ ಆ ಕಾಗದ ಹೇಳುತ್ತದೆ. ಕಲ್ಲಿಗೆ ಮೊದಲೇ ಏನಾಗಿದೆ ಅಂತ ಅದು ಹೇಳಲ್ಲ.

ಗೆರೆಗೂ ಬಿರುಕಿಗೂ ಇರುವ ವ್ಯತ್ಯಾಸ ಬಾಯಲ್ಲಿ ಹೇಳುವುದು ಸುಲಭ. ಭೂಮಿಯ ಆಳದಲ್ಲಿ ಒತ್ತಡಕ್ಕೆ ಕಲ್ಲು ಸೀಳುತ್ತದೆ. ಆಮೇಲೆ ಆ ಸೀಳಿನಲ್ಲಿ ಮತ್ತೆ ಖನಿಜ ಬೆಳೆದು ಕೂಡಿಕೊಳ್ಳುತ್ತದೆ. ಅದು ಗೆರೆ. ಗಣಿಯಲ್ಲಿ ಸಿಡಿಮದ್ದಿಗೋ, ಕೊಯ್ಯುವಾಗಲೋ, ಯಾರದೋ ಕೈಯಿಂದ ಬಿದ್ದೋ ಬಿಟ್ಟುಕೊಂಡು, ಕೂಡದೆ ಉಳಿದದ್ದು ಬಿರುಕು. ಬಳೆಯ ಒಳಗಿನಿಂದ ಟಾರ್ಚ್ ಹಿಡಿದು ನಿಧಾನಕ್ಕೆ ತಿರುಗಿಸಬೇಕು. ಗೆರೆಯಾದರೆ ಬೆಳಕು ಅದನ್ನು ದಾಟಿ ಹೋಗುತ್ತದೆ. ಬಿರುಕಾದರೆ ಅಲ್ಲೇ ತಡೆಯುತ್ತದೆ, ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು. ಆಮೇಲೆ ಉಗುರು. ಗೆರೆಯ ಮೇಲೆ ಅಡ್ಡಲಾಗಿ ಉಗುರು ಎಳೆದರೆ ಜಾರಿ ಹೋಗಬೇಕು. ಸಿಕ್ಕಿಕೊಂಡರೆ ಬಿರುಕು ಮೇಲಿನವರೆಗೂ ಬಂದಿದೆ ಅಂತ ಅರ್ಥ. ಜಾರಿತು ಅಂತ ಪೂರ್ತಿ ನಂಬುವ ಹಾಗೂ ಇಲ್ಲ, ಮೇಣ ಸಣ್ಣ ಸಂದನ್ನು ಮುಚ್ಚಿರುತ್ತದೆ. ಬಳೆಯ ಉದ್ದಕ್ಕೆ ಹೋದ ಬಿರುಕಿಗಿಂತ ಅಡ್ಡ ಕತ್ತರಿಸಿದ ಹಾಗೆ ಹೋದದ್ದು ಜಾಸ್ತಿ ಅಪಾಯ.

ನಮ್ಮದು ಅಡ್ಡಕ್ಕಿತ್ತು. ಕೂದಲಿಗಿಂತ ತೆಳು. ಟಾರ್ಚಿನಲ್ಲಿ ಒಂದಿಷ್ಟು ಮಂಕಾಯಿತು. ನಾನು ಉಗುರು ಎಳೆದೆ.

ಸಿಕ್ಕಿತು. ಜೋರಾಗಿ ಅಲ್ಲ. ಹೊಸ ನೋಟಿನ ಅಂಚು ತಾಗಿದಷ್ಟು. ಇನ್ನೊಂದು ಸಲ ಎಳೆದರೆ ಸಂಶಯ ಪರಿಹಾರ ಆಗುತ್ತಿತ್ತು. ಎಳೆಯಲಿಲ್ಲ.

ಯಾಕೆ ಅಂತ ಕೇಳಿಕೊಂಡರೆ ಮೊದಲು ಬರುವ ಉತ್ತರ ದಾಕ್ಷಿಣ್ಯ. ಅಂಗಡಿಯವರು ಒಳ್ಳೆಯ ಮನುಷ್ಯ. ಬೇಸರವಿಲ್ಲದೆ ಇಪ್ಪತ್ತು ಬಳೆ ಮುಂದಿಟ್ಟಿದ್ದರು. ಅವರು ಸುಳ್ಳು ಹೇಳಿದರು ಅಂತ ಈಗಲೂ ನನಗೆ ಅನ್ನಿಸಲ್ಲ. ಅವರು ಹೇಳುವುದನ್ನೇ ತಪ್ಪಿಸಿಕೊಂಡರು, ಅಷ್ಟೇ. ತುಂಬಾ ಜಾಣತನದಿಂದ. "ನಿಮ್ಮ ತಂಗಿಗೆ ಗೊತ್ತಲ್ಲ" ಅಂದ ಕೂಡಲೇ ಉತ್ತರ ಕೊಡುವ ಕೆಲಸ ನನ್ನ ತಲೆಗೆ ಬಂತು. ಅದರ ಜೊತೆಗೇ ಒಂದು ಖುಷಿಯೂ ಬಂತು. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಆ ಒಂದೂವರೆ ಗಂಟೆ ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಮನೆಯಲ್ಲಿ ಅಕ್ಕ ಹೇಳಿದ್ದೇ ನಡೆಯುತ್ತದೆ, ಚಿಕ್ಕಂದಿನಿಂದ ಹಾಗೇ. ಅಲ್ಲಿ ಅವಳು ಪ್ರತಿ ಬಳೆ ಎತ್ತಿದಾಗಲೂ ನನ್ನ ಮುಖ ನೋಡುತ್ತಿದ್ದಳು. ಬಲ್ಲವಳು ಅನ್ನಿಸಿಕೊಂಡವಳಿಗೆ "ನನಗೆ ಸರಿಯಾಗಿ ಗೊತ್ತಾಗ್ತಿಲ್ಲ" ಅನ್ನಲು ಬಾಯಿ ಬರಲ್ಲ. ಏನೂ ಓದದೆ ಹೋಗಿದ್ದರೆ ಖಂಡಿತ "ಬೇಡ ಬಿಡೇ, ಬಿರುಕಿನ ಥರ ಕಾಣ್ತಿದೆ" ಅಂದಿರುತ್ತಿದ್ದೆ.

ಅದೂ ಅಲ್ಲದೆ ಬಳೆ ಆಗಲೇ ಅವಳ ಕೈಯಲ್ಲಿತ್ತು. ಜೇಡ್ ಬಳೆಗೆ ಕೊಂಡಿ ಇರಲ್ಲ, ಇಡೀ ಒಂದೇ ಕಲ್ಲು, ಅಂಗೈ ದಾಟಿಸಿಯೇ ಹಾಕಬೇಕು. ಒಳಗಿನ ಅಳತೆ 56 ಮಿಲಿಮೀಟರ್. ಕೈಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಹೆಬ್ಬೆರಳು ಒಳಗೆ ಮಡಚಿಸಿ, ಒಂದೇ ಸಲ ಒತ್ತಿ ಏರಿಸಿದರು. ಅಕ್ಕನ ಕಣ್ಣಲ್ಲಿ ನೀರು ಬಂತು. ಅದನ್ನು ಮತ್ತೆ ಬಿಚ್ಚಿಸುವುದಕ್ಕಿಂತ ದುಡ್ಡು ಕೊಡುವುದೇ ಸುಲಭ ಅನ್ನುವ ಸ್ಥಿತಿ. ನೋಡುವುದೆಲ್ಲ ಕೈಗೆ ಹಾಕುವ ಮೊದಲೇ ನೋಡಬೇಕು. ನಾವು ಹಾಕಿಕೊಂಡ ಮೇಲೆ ನೋಡಿದೆವು.

ಇನ್ನೊಂದು ಬಳೆ ಕೂಡ ನೆನಪಾಗುತ್ತದೆ. ತಿಳಿ ನೇರಳೆ. ಒಳಗೆ ಹತ್ತಿ ಕೆದರಿದ ಹಾಗೆ ಬಿಳಿ ಮೋಡ, ಒಂದು ಕಡೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಟಾರ್ಚ್ ಹಿಡಿದರೆ ಬೆಳಕು ಸುತ್ತಲೂ ಒಂದೇ ಸಮ ಹರಿಯಿತು. ಉಗುರು ಎಲ್ಲೂ ನಿಲ್ಲಲಿಲ್ಲ. ಅಕ್ಕ ಚುಕ್ಕೆ ನೋಡಿ ಮುಖ ಕಿವಿಚಿದಳು. ನಾನು "ಚುಕ್ಕೆಯಿಂದ ಗಟ್ಟಿತನಕ್ಕೇನೂ ಆಗಲ್ಲ" ಅಂದೆ, ಆದರೆ ಅರೆಮನಸ್ಸಿನಿಂದ. ನನಗೂ ಹಸಿರೇ ಇಷ್ಟವಾಗಿತ್ತು. ಈ ಕಲ್ಲಿನಲ್ಲಿ ಮೊದಲು ಕಣ್ಣಿಗೆ ಹೊಡೆಯುವ ದೋಷಗಳಿಂದ ಬಳೆ ಒಡೆಯುವುದಿಲ್ಲ. ಒಡೆಸುವಂಥದ್ದು ಕೂದಲೆಳೆಯ ಹಾಗೆ ಸುಮ್ಮನೆ ಕೂತಿರುತ್ತದೆ.

ಸಂಜೆ ಭಾವ ಬಂದರು. "ಕಲ್ಲು ತಾನೇ, ಇಷ್ಟಕ್ಕೇ ಒಡೆಯುತ್ತಾ? ಡೂಪ್ಲಿಕೇಟ್ ಇರಬೇಕು" ಅಂತ ತುಂಡನ್ನು ಗಾಜಿನ ಮೇಲೆ ಗೀಚಲು ಹೊರಟರು. ತಡೆದೆ. ಗಾಜಿನ ಮೇಲೆ ಯಾವುದೋ ಅಗ್ಗದ ಸ್ಫಟಿಕ ಶಿಲೆಯೂ ಗೀರು ಹಾಕುತ್ತದೆ, ಅದರಿಂದ ಏನೂ ಗೊತ್ತಾಗಲ್ಲ. ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ ಅಂತ ಅವರಿಗೆ ಹೇಳುತ್ತಾ ಹೋದೆ. ಗೀರು ಬೀಳದ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರ 10, ಆದರೂ ಸರಿಯಾದ ಕಡೆ ಏಟು ಬಿದ್ದರೆ ಸೀಳುತ್ತದೆ. ಜೇಡೈಟ್ 6.5ರಿಂದ 7, ನೆಫ್ರೈಟ್ ಅದಕ್ಕಿಂತ ಸ್ವಲ್ಪ ಮೆದು. ಆದರೆ ನೆಫ್ರೈಟ್ ಒಳಗಿನ ನಾರುಗಳು ಕಂಬಳಿಯ ಹಾಗೆ ಹೆಣೆದುಕೊಂಡಿರುವುದರಿಂದ ಅದನ್ನು ಒಡೆಯುವುದು ಬಹಳ ಕಷ್ಟ. ನ್ಯೂಜಿಲೆಂಡಿನ ಮಾವೋರಿಗಳು ಅದರಲ್ಲಿ ಯುದ್ಧದ ಆಯುಧ ಮಾಡುತ್ತಿದ್ದರು. ಜೇಡೈಟ್ ಕೂಡ ಗಟ್ಟಿ ಕಲ್ಲೇ. ಯೂರೋಪಿನಲ್ಲಿ ಶಿಲಾಯುಗದ ಜನ ಅದರಲ್ಲಿ ಕೊಡಲಿ ಮಾಡಿದ್ದಾರೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಕೇಳಿಸಿತು. ಅಂಗಡಿಯಲ್ಲಿ ಮಾತಾಡಿದ್ದಳಲ್ಲ, ಅದೇ ಹೆಂಗಸು. ನಿಲ್ಲಿಸಿದೆ.

ಭಾವ ಬಿಡಲಿಲ್ಲ. ಅವರಿಗೆ ಯಾರದ್ದಾದರೂ ತಪ್ಪು ಸಿಗಬೇಕಿತ್ತು. ಕೊನೆಗೆ ಅಡುಗೆಮನೆಯ ತಕ್ಕಡಿ ತಂದೆವು. ತುಂಡಿನ ತೂಕ 27 ಗ್ರಾಂ. ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ದಾರ ಕಟ್ಟಿದ ತುಂಡನ್ನು ತಳಕ್ಕೆ ತಾಗದ ಹಾಗೆ ಮುಳುಗಿಸಿ ಹಿಡಿದೆವು. ತಕ್ಕಡಿ 8.1 ತೋರಿಸಿತು, ತುಂಡು ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅದು. 27ನ್ನು ಅದರಿಂದ ಭಾಗಿಸಿದರೆ 3.33. ಜೇಡೈಟಿನ ಸಾಂದ್ರತೆ ಅಷ್ಟೇ. ನೆಫ್ರೈಟ್ ಆಗಿದ್ದರೆ 3ರ ಆಸುಪಾಸು ಬರುತ್ತಿತ್ತು, ಜೇಡ್ ಅಂತ ಮಾರುವ ಹಸಿರು ಅವೆಂಚುರಿನ್ ಆಗಿದ್ದರೆ 2.6ರ ಹತ್ತಿರ.

"ಅಂದ್ರೆ ಅಸಲಿ" ಅಂದರು ಭಾವ, ನಿರಾಸೆಯಿಂದ.

ಅಕ್ಕ ಅಷ್ಟೂ ಹೊತ್ತು ಮಾತಾಡಲಿಲ್ಲ. ಎರಡು ತುಂಡು ಸೇರಿಸುವುದು, ಬಿಡಿಸುವುದು ಮಾಡುತ್ತಿದ್ದಳು. ಬೆಳ್ಳಗಿದ್ದ ಕಡೆ ಕಚ್ಚಿಕೊಂಡ ಹಾಗೆ ಕೂಡುತ್ತಿತ್ತು. ಮಾಸಲು ಕಡೆ ಒಂದು ಸಣ್ಣ ಸಂದು ಉಳಿಯುತ್ತಿತ್ತು. ಚಿನ್ನದ ಪಟ್ಟಿ ಹಾಕಿಸಿ ಜೋಡಿಸಬಹುದು ಅಂದೆ. ತಲೆ ಅಲ್ಲಾಡಿಸಿದಳು. ಆವತ್ತು ನಿನಗೇನನ್ನಿಸಿತ್ತು ಅಂತ ಅವಳು ಕೇಳಲಿಲ್ಲ. ಕೇಳುತ್ತಾಳೆ ಅಂತ ಕಾಯುತ್ತಾ ನಾನು ಲೋಟದ ನೀರು ಚೆಲ್ಲಿ, ತೊಳೆದು, ಒರೆಸಿ, ಮತ್ತೊಮ್ಮೆ ಒರೆಸಿ ಇಟ್ಟೆ.

ನಿನ್ನೆ ಮತ್ತೆ ಫೋನ್ ಮಾಡಿದಳು. ಭಾನುವಾರ ಹೋಗೋಣ, ಆ ನೇರಳೆ ಇನ್ನೂ ಇದೆಯಾ ನೋಡೋಣ ಅಂದಳು. ನಾನು ಮರುಮಾತಿಲ್ಲದೆ ಹೂಂ ಅಂದೆ.

"ಈ ಸಲ ಉಗುರು ನಾನೇ ಎಳೀತೀನಿ" ಅಂದಳು. "ನೀನು ಟಾರ್ಚ್ ಹಿಡ್ಕೊಂಡಿರು ಸಾಕು."